ಕ್ರಿಯಾಪದದವರೆಗೂ ಕಾಯುವ ದನಿ

ಕೇಳುವ ಪುಸ್ತಕವನ್ನು ಆರಿಸುವಾಗ ನಾನು ಲೇಖಕರ ಹೆಸರಿಗಿಂತ ಮೊದಲು ಓದಿದವರ ಹೆಸರನ್ನು ನೋಡುತ್ತೇನೆ. ಮುದ್ರಿತ ಪುಸ್ತಕವನ್ನು ಕೈಗೆತ್ತಿಕೊಂಡಾಗ ಬರೆದವರಿಗೂ ಓದುವವರಿಗೂ ನಡುವೆ ಇನ್ನೊಬ್ಬರು ಇರುವುದಿಲ್ಲ. ಆಡಿಯೊ ಪುಸ್ತಕದಲ್ಲಿ ಇರುತ್ತಾರೆ, ಅದೂ ಹತ್ತು ಹನ್ನೆರಡು ಗಂಟೆಗಳ ಕಾಲ ನಮ್ಮ ಕಿವಿಯ ಪಕ್ಕದಲ್ಲೇ ಇರುತ್ತಾರೆ. ಅವರು ಎಲ್ಲಿ ಉಸಿರೆಳೆದುಕೊಳ್ಳುತ್ತಾರೋ ಅಲ್ಲಿ ನಮ್ಮ ಯೋಚನೆಯೂ ತಡೆಯುತ್ತದೆ, ಅವರು ಯಾವ ಪದದ ಮೇಲೆ ಒತ್ತು ಕೊಡುತ್ತಾರೋ ಅದೇ ನಮಗೆ ವಾಕ್ಯದ ತಿರುಳಾಗಿ ಕಾಣುತ್ತದೆ. ಆದ್ದರಿಂದ ಒಳ್ಳೆಯ ಕಾದಂಬರಿಯೊಂದು ಸಾಧಾರಣ ವಾಚಕರ ಕೈಗೆ ಸಿಕ್ಕಾಗ ಆಗುವ ನಷ್ಟವೂ, ಸಾಧಾರಣ ಪುಸ್ತಕವೊಂದು ತಿಳಿದವರ ದನಿಯಲ್ಲಿ ಪಡೆಯುವ ಘನತೆಯೂ ನನಗೆ ಬಹಳ ದೊಡ್ಡ ಸಂಗತಿಗಳು. ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟದ ಮನೆಯಲ್ಲಿ ಅಡುಗೆ, ಅಂಗಳ, ಕೊಟ್ಟಿಗೆ, ತೋಟ ಎಂದು ಓಡಾಡುತ್ತಲೇ ವರ್ಷಗಳಿಂದ ಪುಸ್ತಕಗಳನ್ನು ಕೇಳುತ್ತ ಬಂದಿರುವ ನಾನು ಈ ದನಿಗಳನ್ನು ಹೇಗೆ ಆರಿಸಿಕೊಂಡೆ, ಕೇಳುವುದನ್ನು ಹೇಗೆ ರೂಢಿಸಿಕೊಂಡೆ, ಕೊನೆಗೆ ನಾನೇ ಹೇಗೆ ಓದತೊಡಗಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನನ್ನ ಕಿವಿಗೆ ಮೊದಲು ಸಂಸ್ಕಾರ ಕೊಟ್ಟದ್ದು ಗಮಕ. ನನ್ನ ತವರು ಶಿವಮೊಗ್ಗದ ಸಮೀಪ. ಅಲ್ಲಿ ತುಂಗೆಯ ದಂಡೆಯಲ್ಲಿರುವ ಮತ್ತೂರು, ಹೊಸಹಳ್ಳಿ ಎಂಬ ಅವಳಿ ಗ್ರಾಮಗಳ ಪೈಕಿ ಮತ್ತೂರು ಸಂಸ್ಕೃತಕ್ಕೆ ಹೆಸರಾದರೆ ಹೊಸಹಳ್ಳಿ ಗಮಕಕ್ಕೆ ಹೆಸರಾಗಿದೆ. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅದು ಮನೆಯವರಿಗೇ ಬಂದ ಗೌರವವಾಯಿತು. ಗಮಕದಲ್ಲಿ ಒಬ್ಬರು ಕಾವ್ಯವನ್ನು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ವಾಚನದಲ್ಲಿ ರಾಗವಿರುತ್ತದೆ, ಆದರೆ ಅದು ಸಂಗೀತ ಕಛೇರಿಯಲ್ಲ. ರಾಗ ಸಾಹಿತ್ಯವನ್ನು ಹೊತ್ತು ನಡೆಯಬೇಕೇ ಹೊರತು ಸಾಹಿತ್ಯದ ಮೇಲೆ ಕುಳಿತುಕೊಳ್ಳಬಾರದು ಎಂಬುದು ಆ ಕಲೆಯ ಮೊದಲ ಪಾಠ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಲೆಕ್ಕ ಬಹಳ ಕಟ್ಟುನಿಟ್ಟಿನದು. ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬಂದು 1, 2, 4, 5ನೇ ಸಾಲುಗಳಲ್ಲಿ 14 ಮಾತ್ರೆಗಳಾಗುತ್ತವೆ. 3 ಮತ್ತು 6ನೇ ಸಾಲುಗಳು ಕೊನೆಯ ಗುರುವೂ ಸೇರಿ 23 ಮಾತ್ರೆಗಳಷ್ಟು ಉದ್ದ. ಆದರೆ ಅರ್ಥ ಈ ಸಾಲುಗಳ ಗಡಿಗೆ ಬದ್ಧವಾಗಿ ನಿಲ್ಲುವುದಿಲ್ಲ. ಅದು ಒಂದು ಸಾಲಿನ ಮಧ್ಯದಲ್ಲಿ ಹುಟ್ಟಿ ಮುಂದಿನ ಸಾಲಿನ ಮಧ್ಯದಲ್ಲಿ ಮುಗಿಯಬಹುದು, ಒಂದು ಪದವೇ ಎರಡು ಸಾಲುಗಳಿಗೆ ಹಂಚಿಹೋಗಿರಬಹುದು. ನುರಿತ ಗಮಕಿ ಲಯವನ್ನು ಮುರಿಯದೆ, ಅರ್ಥ ಎಲ್ಲಿ ಒಡೆಯುತ್ತದೋ ಅಲ್ಲಿಯೇ ಪದವನ್ನು ಬಿಡಿಸುತ್ತಾರೆ. ಓದು ಬಾರದ ಹಿರಿಯರು ಕೂಡ ಆ ವಾಚನದಿಂದಲೇ ಕಥೆಯನ್ನು ಹಿಡಿದುಕೊಂಡು, ವ್ಯಾಖ್ಯಾನಕಾರರು ಬಾಯಿ ತೆರೆಯುವ ಮೊದಲೇ ತಲೆಯಾಡಿಸುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಇಂದು ಆಡಿಯೊ ಪುಸ್ತಕದ ವಾಚಕರಿಂದ ನಾನು ಬಯಸುವುದು ಅದನ್ನೇ. ಗದ್ಯಕ್ಕೆ ಮಾತ್ರೆಯ ಲೆಕ್ಕವಿಲ್ಲದಿರಬಹುದು, ಆದರೆ ಎಲ್ಲಿ ಒಡೆಯಬೇಕು, ಎಲ್ಲಿ ಒಡೆಯಬಾರದು ಎಂಬ ಲೆಕ್ಕ ಇದ್ದೇ ಇದೆ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಆಯ್ಕೆಯೆಲ್ಲ ನಿಂತಿರುವುದು ಇದರ ಮೇಲೆ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಒಂದು ವಾಕ್ಯವನ್ನು ನಾನೇ ಕಟ್ಟಿ ತೋರಿಸುತ್ತೇನೆ: "ಮಳೆ ಹೊಳವಾದ ಮೇಲೆ ಗದ್ದೆಯ ಅಂಚಿನಲ್ಲಿ ನಿಂತು, ಹೊಳೆಯ ಕಡೆಗೆ ಒಮ್ಮೆ ನೋಡಿ, ಕಂಬಳಿಕೊಪ್ಪೆಯನ್ನು ಸರಿಮಾಡಿಕೊಂಡು, ಮಗನನ್ನು ಕರೆಯದೆ ಅವನು ಹೊರಟುಹೋದನು." ಇಲ್ಲಿ ನಿಂತು, ನೋಡಿ, ಮಾಡಿಕೊಂಡು ಎಂಬ ಪ್ರತಿಯೊಂದೂ ಒಂದೊಂದು ಕೆಲಸ ಮುಗಿದಂತೆ ತೋರುತ್ತದೆ, ಆದರೆ ಯಾವುದೂ ವಾಕ್ಯವನ್ನು ಮುಗಿಸುವುದಿಲ್ಲ. ಅನುಭವವಿಲ್ಲದ ವಾಚಕರು ಅಲ್ಪವಿರಾಮ ಕಂಡಲ್ಲೆಲ್ಲ ದನಿಯನ್ನು ಕೆಳಗಿಳಿಸುತ್ತಾರೆ. ಕೇಳುವವರಿಗೆ ಆಗ ನಾಲ್ಕು ತುಂಡು ಸುದ್ದಿಗಳು ಸಿಗುತ್ತವೆಯೇ ಹೊರತು ಒಬ್ಬ ಮನುಷ್ಯ ಮನೆ ಬಿಟ್ಟು ಹೋದದ್ದು ಸಿಗುವುದಿಲ್ಲ. ಬಲ್ಲವರು ದನಿಯನ್ನು ಒಂದು ಎತ್ತರದಲ್ಲಿ ಹಿಡಿದಿಟ್ಟು, "ಕರೆಯದೆ" ಎಂಬಲ್ಲಿ ಕೂದಲೆಳೆಯಷ್ಟು ತಡೆದು, "ಹೊರಟುಹೋದನು" ಎಂಬಲ್ಲಿ ಮಾತ್ರ ಇಳಿಸುತ್ತಾರೆ. ಅಡಿಕೆ ಮರದ ತುದಿಯಿಂದ ಕೊನೆಗಾರ, ಅಂದರೆ ಮರ ಹತ್ತಿ ಗೊನೆ ಕೊಯ್ಯುವವನು, ಹಗ್ಗದಲ್ಲಿ ಜಾರಿಸಿದ ಅಡಿಕೆ ಗೊನೆ ಕೈಗೆ ಬರುವವರೆಗೆ ಕೆಳಗೆ ನಿಂತವನು ಹಗ್ಗವನ್ನು ಸಡಿಲ ಬಿಡುವುದಿಲ್ಲ. ಕ್ರಿಯಾಪದ ಬರುವವರೆಗೆ ವಾಚಕರೂ ದನಿಯನ್ನು ಸಡಿಲ ಬಿಡಬಾರದು.

ಸಂಭಾಷಣೆಯಲ್ಲಿ ಇದಕ್ಕಿಂತ ಕಠಿಣವಾದ ಪರೀಕ್ಷೆಯಿದೆ. ಕನ್ನಡದ ಕಥನದಲ್ಲಿ ಮಾತು ಮೊದಲು ಬಂದು, "ಎಂದಳು", "ಎಂದು ಗೊಣಗಿದ", "ಎಂದು ಅಳುಕುತ್ತ ಕೇಳಿದಳು" ಎಂಬುದು ಸಾಮಾನ್ಯವಾಗಿ ಆಮೇಲೆ ಬರುತ್ತದೆ. ಕಣ್ಣಿನಿಂದ ಓದುವವರು ಮುಂದಿನ ಸಾಲಿಗೆ ಕ್ಷಣದಲ್ಲಿ ದೃಷ್ಟಿ ಹಾಯಿಸಿ ಯಾರ ಮಾತೆಂದು ತಿಳಿದುಕೊಳ್ಳುತ್ತಾರೆ. ಕೇಳುವವರಿಗೆ ಆ ಅನುಕೂಲವಿಲ್ಲ. ಮಾತು ಅಳುಕಿನದು ಎಂಬುದು "ಅಳುಕುತ್ತ" ಎಂಬ ಪದ ಬರುವ ಮೊದಲೇ ದನಿಯಲ್ಲಿ ಇರಬೇಕಾಗುತ್ತದೆ. ಗಟ್ಟಿಯಾಗಿ ಗದರಿದಂತೆ ಓದಿ ಮುಗಿಸಿದ ಮೇಲೆ "ಎಂದು ಪಿಸುಗುಟ್ಟಿದಳು" ಎಂದು ಬಂದರೆ ಆ ವಾಚಕರು ಪುಸ್ತಕವನ್ನು ಮುಂಚಿತವಾಗಿ ಓದಿಕೊಂಡಿಲ್ಲವೆಂದೇ ಅರ್ಥ. ಹೊಸ ದನಿಯನ್ನು ಪರೀಕ್ಷಿಸುವಾಗ ನಾನು ಆರಂಭದ ಭಾಗವನ್ನು ನೆಚ್ಚಿಕೊಳ್ಳುವುದಿಲ್ಲ. ಆರಂಭವನ್ನು ಎಲ್ಲರೂ ಎಚ್ಚರದಿಂದ ಓದಿರುತ್ತಾರೆ, ಆ್ಯಪ್‌ಗಳಲ್ಲಿ ಮಾದರಿಯಾಗಿ ಕೇಳಿಸುವುದೂ ಸಾಮಾನ್ಯವಾಗಿ ಅದನ್ನೇ. ಪುಸ್ತಕ ಕೈಗೆ ಬಂದ ಮೇಲೆ ನಡುಭಾಗಕ್ಕೆ ಹೋಗಿ, ಮೂವರಾದರೂ ಒಟ್ಟಿಗೆ ಮಾತಾಡುವ ಒಂದು ಸಂದರ್ಭವನ್ನು ಹುಡುಕಿ ಕೇಳುತ್ತೇನೆ. ಅಲ್ಲಿ ಹೆಸರುಗಳ ನೆರವಿಲ್ಲದೆ ಯಾರು ಯಾರೆಂದು ನನಗೆ ತಿಳಿದರೆ ಆ ವಾಚಕರ ಉಳಿದ ಪುಸ್ತಕಗಳನ್ನೂ ಪಟ್ಟಿಗೆ ಸೇರಿಸಿಕೊಳ್ಳುತ್ತೇನೆ.

ಪಾತ್ರಕ್ಕೊಂದು ದನಿ ಬೇಕೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇಂಗ್ಲಿಷಿನ ಆಡಿಯೊ ಪುಸ್ತಕಗಳನ್ನು ಮಗಳ ಖಾತೆಯ ಮೂಲಕ ಕೇಳತೊಡಗಿದಾಗ ಈ ಪ್ರಶ್ನೆಗೆ ಎರಡು ತುದಿಯ ಉತ್ತರಗಳು ನನಗೆ ಸಿಕ್ಕವು. ಒಂದು ತುದಿಯಲ್ಲಿ ಜಿಮ್ ಡೇಲ್ ಇದ್ದಾರೆ. ಹ್ಯಾರಿ ಪಾಟರ್ ಸರಣಿಯ ಅಮೆರಿಕದ ಆವೃತ್ತಿಗಳಿಗೆ ದನಿ ಕೊಟ್ಟ ಅವರು ಐದನೆಯ ಪುಸ್ತಕವೊಂದರಲ್ಲೇ 134 ಪಾತ್ರಗಳಿಗೆ ಬೇರೆ ಬೇರೆ ದನಿ ಕೊಟ್ಟು ಗಿನ್ನೆಸ್ ದಾಖಲೆಗೆ ಸೇರಿದರು. ಇನ್ನೊಂದು ತುದಿಯಲ್ಲಿ ಜೂಲಿಯೆಟ್ ಸ್ಟೀವನ್ಸನ್ ಇದ್ದಾರೆ. ಅವರು ಜಾರ್ಜ್ ಎಲಿಯಟ್‌ರ 'ಮಿಡಲ್‌ಮಾರ್ಚ್' ಕಾದಂಬರಿಯನ್ನು ಓದಿರುವ ರೀತಿ ನನ್ನ ಮಟ್ಟಿಗೆ ವಾಚನದ ಪರಮಾವಧಿ. ಒಂದೊಂದು ವಾಕ್ಯವೂ ಅರ್ಧ ಪುಟದಷ್ಟು ಉದ್ದವಿದ್ದು, ಉಪವಾಕ್ಯದೊಳಗೆ ಉಪವಾಕ್ಯ ಹುದುಗಿರುವ ಆ ಗದ್ಯದಲ್ಲಿ ಅವರ ದನಿ ಎಲ್ಲಿಯೂ ತಡಕಾಡುವುದಿಲ್ಲ. ಪಾತ್ರ ಬದಲಾದಾಗ ಅವರು ಬದಲಾಯಿಸುವುದು ಕಂಠವನ್ನಲ್ಲ, ಮಾತಿನ ವೇಗ ಮತ್ತು ಆತ್ಮವಿಶ್ವಾಸದ ಪ್ರಮಾಣವನ್ನು. ನನ್ನ ಇಂಗ್ಲಿಷ್ ಅಷ್ಟು ಗಟ್ಟಿಯಲ್ಲದಿದ್ದರೂ ಆ ವಾಕ್ಯಗಳು ನನಗೆ ಅರ್ಥವಾದದ್ದು ಅವರ ಉಸಿರಿನ ವಿಭಾಗದಿಂದ. ಸ್ಟೀಫನ್ ಫ್ರೈ ಇವರಿಬ್ಬರ ನಡುವೆ ನಿಲ್ಲುತ್ತಾರೆ. ಅವರು ಓದಿರುವ ಷರ್ಲಾಕ್ ಹೋಮ್ಸ್ ಸಂಪುಟ 70 ಗಂಟೆಗಳನ್ನು ಮೀರುತ್ತದೆ, ಮತ್ತು ಅಷ್ಟೂ ಹೊತ್ತು ವಾಟ್ಸನ್‌ನ ನಿರೂಪಣೆಯ ಸೌಮ್ಯತೆ ಒಂದೇ ಹದದಲ್ಲಿ ಇರುತ್ತದೆ. ಡೇಲ್ ಅವರ ಸಾಮರ್ಥ್ಯಕ್ಕೆ ನಾನು ತಲೆಬಾಗುತ್ತೇನೆ, ಮಕ್ಕಳ ಕಥೆಗೆ ಅದು ಒಪ್ಪುತ್ತದೆ ಕೂಡ. ಆದರೆ ದೊಡ್ಡವರ ಕಾದಂಬರಿಗೆ ನನ್ನ ಒಲವು ಸ್ಟೀವನ್ಸನ್ ಅವರ ಕಡೆಗೇ. ಮುದುಕನೆಂದ ತಕ್ಷಣ ದನಿ ನಡುಗಿಸುವುದು, ಮಗುವೆಂದ ತಕ್ಷಣ ಕೀರಲು ಮಾಡುವುದು, ಹೆಂಗಸಿನ ಮಾತೆಂದ ತಕ್ಷಣ ರಾಗ ಎಳೆಯುವುದು ಕನ್ನಡದ ಕೆಲವು ಆಡಿಯೊ ಪುಸ್ತಕಗಳಲ್ಲಿಯೂ ಕೇಳಿಬರುತ್ತದೆ. ನಾಟಕದಲ್ಲಿ ಪಾತ್ರ ನಮ್ಮೆದುರು ನಿಂತು ತಾನೇ ಮಾತಾಡುತ್ತದೆ. ಕಾದಂಬರಿಯಲ್ಲಿ ಅದರ ಮಾತು ನಿರೂಪಕರ ಮೂಲಕ ಬರುತ್ತದೆ, ಆ ನಿರೂಪಕರ ದನಿ ಮಾಯವಾದರೆ ಕಾದಂಬರಿಯ ಅರ್ಧ ಭಾಗವೇ ಮಾಯವಾದಂತೆ.

ಹಿನ್ನೆಲೆ ಸಂಗೀತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಧ್ಯಾಯದ ಆದಿ ಅಂತ್ಯಗಳಲ್ಲಿ ಇದ್ದರೆ ಸರಿ, ಮಾತಿನ ಕೆಳಗೆ ಹರಿಯುತ್ತಿದ್ದರೆ ನಾನು ಆ ಪುಸ್ತಕವನ್ನು ನಿಲ್ಲಿಸಿಬಿಡುತ್ತೇನೆ.

ಒಬ್ಬಳೇ ಕೇಳುವುದಕ್ಕೂ ಹತ್ತು ಜನರ ನಡುವೆ ಕೇಳುವುದಕ್ಕೂ ಇರುವ ಅಂತರವನ್ನು ನನಗೆ ತಿಳಿಸಿದ್ದು ಅಡಿಕೆ ಸುಗ್ಗಿ. ನಮ್ಮ ಕಡೆ ಹಸಿ ಅಡಿಕೆಯನ್ನು ಕೊಯ್ದ ಮೇಲೆ ತಡಮಾಡದೆ ಸುಲಿದು, ಚೊಗರು (ಅಡಿಕೆ ಬೇಯಿಸಿದ ರಸ) ಬೆರೆಸಿ ಬೇಯಿಸಿ, ಚಪ್ಪರದಲ್ಲಿ ಒಣಗಿಸಬೇಕಾಗುತ್ತದೆ. ಆದ್ದರಿಂದ ಕೊಯ್ಲಿನ ದಿನಗಳಲ್ಲಿ ಸುಲಿಯುವ ಕೆಲಸ ರಾತ್ರಿಯವರೆಗೂ ನಡೆಯುತ್ತದೆ. ಅಂಗಳದಲ್ಲಿ ಮೆಟ್ಟುಗತ್ತಿಗಳ ಮೇಲೆ ಸಾಲಾಗಿ ಕುಳಿತ ಹೆಂಗಸರಿಗೆ ಕೈ ಬಿಡುವಿಲ್ಲ, ಕಣ್ಣೂ ಬಿಡುವಿಲ್ಲ, ಕಿವಿ ಮಾತ್ರ ಪೂರ್ತಿ ಬಿಡುವಾಗಿರುತ್ತದೆ. ಹಿಂದೆ ಅದನ್ನು ಭದ್ರಾವತಿ ಆಕಾಶವಾಣಿ ತುಂಬುತ್ತಿತ್ತು, ಹಾಡು ಬಲ್ಲವರಿದ್ದರೆ ಹಾಡು ತುಂಬುತ್ತಿತ್ತು. ನಾನು ಸಣ್ಣದೊಂದು ಸ್ಪೀಕರನ್ನು ಜಗಲಿಯ ಮೇಲಿಟ್ಟು ಕಾದಂಬರಿಯೊಂದನ್ನು ಹಾಕಿದಾಗ ಮೊದಲ ಕೆಲವು ನಿಮಿಷ ಮಾತುಕತೆ ನಡೆದೇ ಇತ್ತು. ಕಥೆಯಲ್ಲಿ ಒಬ್ಬಳು ತವರಿಗೆ ಹೊರಟು ನಿಂತ ಘಟ್ಟಕ್ಕೆ ಬರುವಷ್ಟರಲ್ಲಿ ಕತ್ತಿಗೆ ಅಡಿಕೆ ತಾಗುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅಂದಿನಿಂದ ಪ್ರತಿ ಸುಗ್ಗಿಯಲ್ಲೂ ಒಂದೆರಡು ದೊಡ್ಡ ಪುಸ್ತಕಗಳನ್ನು ಮೊದಲೇ ಆರಿಸಿ ಇಟ್ಟುಕೊಳ್ಳುತ್ತೇನೆ. ಸುಲಿಯುವ ಯಂತ್ರ ಬಂದಿರುವ ಮನೆಗಳಲ್ಲಿ ಅದರ ಸದ್ದಿನಿಂದ ಇದು ಸಾಧ್ಯವಾಗುವುದಿಲ್ಲ. ಕೂಲಿ ಸಿಗದ ಕಾಲದಲ್ಲಿ ಯಂತ್ರ ಬೇಡವೆನ್ನಲು ಆಗದು, ಆದರೂ ನಮ್ಮ ಅಂಗಳದಲ್ಲಿ ಕೈಯ ಸುಲಿತ ಇರುವಷ್ಟು ಕಾಲ ಕಥೆಯೂ ಇರಲಿ ಎಂಬುದು ನನ್ನ ಆಸೆ.

ಆ ಅಂಗಳದ ತೀರ್ಪುಗಳು ಬಹಳ ನಿಖರವಾಗಿರುತ್ತವೆ. ಮಲೆನಾಡಿನ ಕಥೆಯೊಂದನ್ನು ಶುದ್ಧವಾದ ಉಚ್ಚಾರಣೆಯ, ಇಂಪಾದ ಕಂಠದ ವಾಚಕರೊಬ್ಬರು ಓದುತ್ತಿದ್ದರು. ವರ್ಣನೆಯೆಲ್ಲ ಚೆನ್ನಾಗಿಯೇ ಸಾಗಿತ್ತು. ತೋಟದಾಳಿನ ಮಾತು ಬಂದಾಗ ಹಿರಿಯ ಹೆಂಗಸೊಬ್ಬರು ಕತ್ತಿಯಿಂದ ಕಣ್ಣು ತೆಗೆಯದೆಯೇ, "ಅಕ್ಕಾ, ಇವ್ರು ನಮ್ ಕಡೆಯೋರಲ್ಲ, ಹಂಗೆ ಯಾರೂ ಮಾತಾಡಲ್ಲ" ಎಂದರು. ಅಕ್ಷರಗಳು ನಮ್ಮ ಕಡೆಯವೇ ಆಗಿದ್ದವು, ಲೇಖಕರು ಆಡುಮಾತನ್ನು ಸರಿಯಾಗಿಯೇ ಬರೆದಿದ್ದರು. ಎಳೆತ ಮಾತ್ರ ಪೇಟೆಯದಾಗಿತ್ತು. ನಮ್ಮ ಆಡುಮಾತಿನಲ್ಲಿ ಪ್ರಶ್ನೆ ಎಲ್ಲಿ ಮೇಲೇರುತ್ತದೆ, ಒಡೆಯರ ಮುಂದೆ ಆಡುವ ಮಾತು ಎಲ್ಲಿ ತಗ್ಗುತ್ತದೆ, ಸಿಟ್ಟು ಬಂದಾಗ ಯಾವ ಸ್ವರ ಮೊಟಕಾಗುತ್ತದೆ ಎಂಬುದು ಮುದ್ರಣದಲ್ಲಿ ಕಾಣುವುದಿಲ್ಲ. ಅದನ್ನು ಕೇಳಿ ಬೆಳೆದವರು ಮಾತ್ರ ಓದಬಲ್ಲರು, ಇಲ್ಲವೇ ಕೇಳಿ ಕಲಿಯುವಷ್ಟು ತಾಳ್ಮೆಯಿರುವವರು. ಧಾರವಾಡದ ಕಥೆಗೂ ಮಂಗಳೂರಿನ ಕಥೆಗೂ ಇದೇ ಮಾತು ಸಲ್ಲುತ್ತದೆ. ಕನ್ನಡದಲ್ಲಿ ಆಡಿಯೊ ಪುಸ್ತಕ ಮಾಡುವವರು ಕಂಠಕ್ಕಿಂತ ಮೊದಲು ವಾಚಕರ ಊರನ್ನು ಕೇಳಬೇಕೆಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆ ರಾತ್ರಿ.

ಕೇಳುವ ಸಲಕರಣೆಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಸ್ಟೋರಿಟೆಲ್, ಆಡಿಬಲ್, ಮೈಲ್ಯಾಂಗ್ ಮುಂತಾದ ಯಾವ ಆ್ಯಪ್ ಆದರೂ ಪುಸ್ತಕವನ್ನು ಫೋನಿಗೆ ಇಳಿಸಿಕೊಂಡು ಕೇಳುವುದೇ ನಮ್ಮಂಥ ಜಾಗಕ್ಕೆ ಸರಿ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರ್ ಕೂಡ ಹೋಗುತ್ತದೆ, ಆದ್ದರಿಂದ ಪೇಟೆಗೆ ಹೋದಾಗಲೇ ಮುಂದಿನ ತಿಂಗಳಿಗೆ ಬೇಕಾದದ್ದನ್ನು ಇಳಿಸಿಕೊಳ್ಳುತ್ತೇನೆ. ತೋಟದಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಹಾಕುತ್ತೇನೆ. ಇನ್ನೊಂದು ಕಿವಿ ಹಾವಿಗೆ, ದನಕ್ಕೆ, ಮನೆಯಿಂದ ಕರೆಯುವವರಿಗೆ ಬೇಕು. ವೇಗವನ್ನು ಹೆಚ್ಚಿಸಿ ಕೇಳುವ ರೂಢಿ ಅನೇಕರಿಗಿದೆ. ಮಾಹಿತಿಯ ಪುಸ್ತಕಕ್ಕೆ ನಾನೂ ಸ್ವಲ್ಪ ಹೆಚ್ಚಿಸುತ್ತೇನೆ, ಕಾದಂಬರಿಗೆ ಎಂದೂ ಇಲ್ಲ, ಏಕೆಂದರೆ ವೇಗ ಹೆಚ್ಚಿದಾಗ ಮೊದಲು ಹೋಗುವುದು ವಾಚಕರು ಅಷ್ಟು ಯೋಚಿಸಿ ಇಟ್ಟ ನಿಲುಗಡೆಗಳು. ಪಾತ್ರಗಳು ಹೆಚ್ಚಿದ್ದರೆ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸುತ್ತೇನೆ. ಲೆಕ್ಕ ಹಾಕುವ ಕೆಲಸ ಮಾಡುವಾಗ ಕೇಳುವುದಿಲ್ಲ. ಗುಡಿಸುವುದು, ಸುಲಿಯುವುದು, ಒಣಗಿದ ಅಡಿಕೆಯನ್ನು ಆರಿಸುವುದು, ಕಳೆ ಕೀಳುವುದು ಇವು ಕೇಳಲು ಹೇಳಿ ಮಾಡಿಸಿದ ಕೆಲಸಗಳು.

ಕೇಳುತ್ತಿದ್ದವಳು ಓದಲು ಕುಳಿತದ್ದು ನಮ್ಮ ಅತ್ತೆಯ ಸಲುವಾಗಿ. ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ ಹೊಲಿದು ಇಟ್ಟುಕೊಳ್ಳುತ್ತಿದ್ದ ಅವರಿಗೆ ಗ್ಲಾಕೋಮಾದಿಂದ ದೃಷ್ಟಿ ಮಸುಕಾಗುತ್ತ ಬಂದು ಅಕ್ಷರಗಳು ಪೂರ್ತಿ ದೂರವಾದವು. ಸಿಗುವ ಆಡಿಯೊ ಪುಸ್ತಕಗಳನ್ನೆಲ್ಲ ಕೇಳಿಸಿದೆ. ಆದರೆ ಅವರಿಗೆ ಬೇಕಾಗಿದ್ದ ಹಳೆಯ ಪುಸ್ತಕಗಳು ಎಷ್ಟೋ ದನಿಯಾಗಿರಲೇ ಇಲ್ಲ. ಕೇಳುವ ಪುಸ್ತಕ ಹುಟ್ಟಿದ್ದೇ ಇಂಥವರಿಗಾಗಿ ಎಂಬುದನ್ನು ಆಮೇಲೆ ಓದಿ ತಿಳಿದೆ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ, ತಾನೂ ಹಾಗೆ ಕುರುಡಾಗಿದ್ದ ಇಯಾನ್ ಫ್ರೇಸರ್ ಎಂಬ ಅಧಿಕಾರಿಯ ಶ್ರಮದಿಂದ, ಬ್ರಿಟನ್ನಿನಲ್ಲಿ 1935ರಲ್ಲಿ ಮೊದಲ ಮಾತಾಡುವ ಪುಸ್ತಕಗಳು ಗ್ರಾಮಫೋನ್ ತಟ್ಟೆಗಳ ಮೇಲೆ ಬಂದವು. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 25 ನಿಮಿಷ ಹಿಡಿಸುತ್ತಿತ್ತು. ನಮ್ಮ ದೇಶದಲ್ಲಿ ಕೃತಿಸ್ವಾಮ್ಯದ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ, ಮುದ್ರಿತ ಅಕ್ಷರವನ್ನು ಓದಲಾಗದವರ ಖಾಸಗಿ ಬಳಕೆಗೆ ಯಾವುದೇ ಕೃತಿಯನ್ನು ಅವರಿಗೆ ಎಟುಕುವ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ. ಓದಲಾಗದವರ ಪರವಾದ ಮರಕ್ಕೇಶ್ ಒಪ್ಪಂದ 2013ರಲ್ಲಿ ರೂಪುಗೊಂಡಾಗ, ಅದನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದೂ ಭಾರತವೇ. ಅತ್ತೆಗಾಗಿ ಓದಿದ್ದನ್ನು ನಾನು ಬೇರೆಲ್ಲೂ ಹಾಕುವುದಿಲ್ಲ, ಮಾರುವ ಮಾತಂತೂ ಇಲ್ಲವೇ ಇಲ್ಲ.

ಮಲೆನಾಡಿನ ಮನೆಯಲ್ಲಿ ಧ್ವನಿಮುದ್ರಣ ಮಾಡುವವರು ಮೊದಲು ಗೆಲ್ಲಬೇಕಾದದ್ದು ಮಳೆಯನ್ನು. ಜೂನ್‌ನಿಂದ ಹೆಂಚಿನ ಮೇಲೆ ಬೀಳುವ ಮಳೆಯ ನಡುವೆ ಮಾಡಿದ್ದು ಏನೇನೂ ಕೇಳಿಸದು, ಮಳೆ ಬಿಟ್ಟರೆ ಮಾಡಿನ ನೀರು, ನೀರು ನಿಂತರೆ ಜೀರುಂಡೆ. ಆಡಿಬಲ್‌ಗೆ ಪುಸ್ತಕ ಒದಗಿಸುವ ಎಸಿಎಕ್ಸ್ ಎಂಬ ವೇದಿಕೆ, ಮಾತಿಲ್ಲದ ಜಾಗದ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು, ಮಾತಿನ ಅತಿ ಗಟ್ಟಿಯಾದ ಭಾಗ ಮೈನಸ್ 3 ಡೆಸಿಬೆಲ್ ದಾಟಬಾರದು ಎಂದು ನಿಯಮ ಮಾಡಿದೆ. ಮನೆಯ ಬಳಕೆಗೆ ಅಷ್ಟು ಕಟ್ಟುನಿಟ್ಟು ಬೇಡ, ಆದರೂ ಆ ಅಂಕಿಗಳನ್ನು ಗುರಿಯಾಗಿ ಇಟ್ಟುಕೊಂಡಿದ್ದರಿಂದ ನನ್ನ ಕೆಲಸ ಸುಧಾರಿಸಿತು. ಚಳಿಗಾಲದ ಬೆಳಗಿನ ಜಾವ, ಹಾಲು ಕರೆಯುವ ಮುಂಚೆ, ಅಟ್ಟದ ಮೇಲೆ ಅಡಿಕೆ ಮೂಟೆಗಳನ್ನು ಮೂರು ಕಡೆ ಪೇರಿಸಿರುವ ಮೂಲೆಯಲ್ಲಿ ಕುಳಿತು ಓದುತ್ತೇನೆ. ಗೋಣಿಯೂ ಅದರೊಳಗಿನ ಅಡಿಕೆಯೂ ಸೇರಿ ದನಿಯ ಪ್ರತಿಧ್ವನಿಯನ್ನು ಹೀರಿಬಿಡುತ್ತವೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬಾಯಿಂದ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ಸ್ವಲ್ಪ ಓರೆಯಾಗಿ ಇಡುತ್ತೇನೆ. ನೇರ ಇಟ್ಟರೆ ಪ, ಫ, ಭ ಅಕ್ಷರಗಳ ಗಾಳಿ ಬಡಿದು ಗುಮ್ಮೆನ್ನುತ್ತದೆ. ತಪ್ಪಿ ಓದಿದಾಗ ನಿಲ್ಲಿಸದೆ ಒಮ್ಮೆ ಚಪ್ಪಾಳೆ ತಟ್ಟಿ ಆ ವಾಕ್ಯವನ್ನು ಮೊದಲಿಂದ ಓದುತ್ತೇನೆ. ಆಮೇಲೆ ಕಂಪ್ಯೂಟರಿನಲ್ಲಿ ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಆ ಚಪ್ಪಾಳೆಯ ಗುರುತು ಎತ್ತರದ ಗೆರೆಯಾಗಿ ಕಾಣುವುದರಿಂದ ಕತ್ತರಿಸುವುದು ಸುಲಭ. ಗದ್ದಲ ತೆಗೆಯುವ ಸೌಲಭ್ಯವನ್ನು ಮಿತಿಯಲ್ಲಿ ಬಳಸಬೇಕು. ಹೆಚ್ಚಾದರೆ ಸ, ಶ, ಷ ಮೂರೂ ಒಂದೇ ಆಗಿ ದನಿಯೇ ನೀರಿನೊಳಗಿಂದ ಬಂದಂತಾಗುತ್ತದೆ. ಅತ್ತೆಯ ಸ್ಪೀಕರಿಗೆ ಮೆಮೊರಿ ಕಾರ್ಡ್ ಹಾಕುತ್ತೇವೆ. ಅದು ಆರಿಸಿ ಹಚ್ಚಿದಾಗ ಎಲ್ಲಿ ನಿಂತಿತ್ತೆಂಬುದನ್ನು ನೆನಪಿಡುವುದಿಲ್ಲವಾದ್ದರಿಂದ ಅಧ್ಯಾಯಗಳನ್ನು ಹದಿನೈದು ಇಪ್ಪತ್ತು ನಿಮಿಷಗಳ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ಆರಂಭದಲ್ಲಿ ಅದರ ಸಂಖ್ಯೆಯನ್ನು ಹೇಳುತ್ತೇನೆ.

ತಂತ್ರ ಇಷ್ಟೇ, ನಿಜವಾದ ಕೆಲಸ ಪುಟದ ಮೇಲಿನದು. ಓದುವ ಹಿಂದಿನ ದಿನ ಪೆನ್ಸಿಲ್ ಹಿಡಿದು ಕೂರುತ್ತೇನೆ. ಉದ್ದ ವಾಕ್ಯದ ಕ್ರಿಯಾಪದಕ್ಕೆ ಅಡಿಗೆರೆ, ಉಸಿರೆಳೆದುಕೊಳ್ಳಬಹುದಾದ ಕಡೆ ಒಂದು ಓರೆಗೆರೆ, ಅರ್ಥ ತಿರುಗುವ ಕಡೆ ಎರಡು. ಸಂಭಾಷಣೆಯ ಪಕ್ಕದಲ್ಲಿ ಆಡುವವರ ಹೆಸರಿನ ಮೊದಲ ಅಕ್ಷರ, ಮತ್ತು ಆಮೇಲೆ ಬರಲಿರುವ "ಗೊಣಗಿದ", "ಕೂಗಿದಳು" ಎಂಬುದರ ಸೂಚನೆ. ಈ ಗುರುತುಗಳಿಲ್ಲದೆ ಓದಿದ್ದಕ್ಕೂ ಗುರುತು ಮಾಡಿ ಓದಿದ್ದಕ್ಕೂ ಇರುವ ವ್ಯತ್ಯಾಸವನ್ನು ಅತ್ತೆ ಎರಡು ನಿಮಿಷದೊಳಗೆ ಹಿಡಿಯುತ್ತಾರೆ. ಅವರಷ್ಟು ಕಠಿಣವಾದ ಕೇಳುಗರನ್ನು ನಾನು ಕಂಡಿಲ್ಲ. ದುಃಖದ ಭಾಗವೊಂದನ್ನು ನಾನು ಗದ್ಗದವಾಗಿ ಓದಿದ್ದಾಗ ಅವರು ಸ್ಪೀಕರ್ ಆರಿಸಿ, "ಅಳೋದು ನನ್ ಕೆಲ್ಸ ಕಣೇ, ನೀನು ಓದು ಸಾಕು" ಎಂದರು. ನಾನು ಮೆಚ್ಚುವ ವಾಚಕರೆಲ್ಲರೂ ಪಾಲಿಸುತ್ತಿದ್ದ ನಿಯಮ ಅದೇ ಎಂಬುದು ಆಗ ಹೊಳೆಯಿತು. ಆಮೇಲೆ ನನಗೆ ಪ್ರಿಯವಾದ ಪುಸ್ತಕಗಳ ಅತ್ಯಂತ ಮನಕಲಕುವ ಭಾಗಗಳನ್ನು ಮತ್ತೆ ಕೇಳಿ ನೋಡಿದೆ. ಒಂದರಲ್ಲೂ ವಾಚಕರು ಅತ್ತಿರಲಿಲ್ಲ. ಹೆಚ್ಚಿನವರು ಅಲ್ಲಿ ವೇಗವನ್ನು ಒಂದಿಷ್ಟು ತಗ್ಗಿಸಿ, ದನಿಯನ್ನು ಇನ್ನಷ್ಟು ಸಾದಾ ಮಾಡಿದ್ದರು.

ಈಗ ಅತ್ತೆಗಾಗಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದುತ್ತಿದ್ದೇನೆ. 1967ರಲ್ಲಿ ಪ್ರಕಟವಾದ ಈ ಕಾದಂಬರಿ ನಡೆಯುವುದು ನಮ್ಮದೇ ತಾಲ್ಲೂಕಿನ ಕಾಡು ಊರುಗಳ ಸುತ್ತ. ಮೇಗರವಳ್ಳಿ, ತೀರ್ಥಹಳ್ಳಿ ಎಂಬ ಹೆಸರುಗಳು ಬಂದಾಗಲೆಲ್ಲ ಅತ್ತೆ ತಾವು ಅಲ್ಲಿ ನಡೆದಾಡಿದ ದಾರಿಯನ್ನು ಹೇಳುತ್ತಾರೆ. ಇಷ್ಟು ಜನರ ಇಷ್ಟು ಬಗೆಯ ಆಡುಮಾತು ಇರುವ ಪುಸ್ತಕವನ್ನು ಒಬ್ಬರೇ ಓದುವುದು ಬಹಳ ಕಷ್ಟ. ಗೌಡರ ಮನೆಯ ಹೆಂಗಸರ ಮಾತು ನನಗೆ ನಾಲಗೆಯ ಮೇಲೆಯೇ ಇದೆ. ಕಾದಂಬರಿಯ ಜೀತದಾಳು ಗುತ್ತಿ ತನ್ನ ನಾಯಿ ಹುಲಿಯನೊಡನೆ ಆಡುವ ಮಾತಿಗೂ, ಐತ ಪೀಂಚಲು ಎಂಬ ಗಂಡ ಹೆಂಡತಿ ಪರಸ್ಪರ ಆಡುವ ಮಾತಿಗೂ ಬೇರೆಯೇ ಎಳೆತ ಬೇಕು, ಮತ್ತು ಅದನ್ನು ಅಣಕವಾಗದಂತೆ, ಪೂರ್ಣ ಗೌರವದಿಂದ ಓದಬೇಕು. ಆ ಅಧ್ಯಾಯಗಳನ್ನು ಓದುವ ಮೊದಲು, ಅಂಗಳದಲ್ಲಿ ಪೇಟೆಯ ಎಳೆತವನ್ನು ಗುರುತಿಸಿದ ಆ ಹಿರಿಯರನ್ನೇ ಕೂರಿಸಿಕೊಂಡು ಒಂದೊಂದು ಮಾತನ್ನೂ ಓದಿ ತೋರಿಸುತ್ತೇನೆ. ಅವರು ತಮ್ಮ ಬಾಯಲ್ಲಿ ಹೇಳಿ ತೋರಿಸುತ್ತಾರೆ, ನಾನು ಅದನ್ನು ಕೇಳಿ ಗುರುತು ಹಾಕಿಕೊಳ್ಳುತ್ತೇನೆ. ಹೀಗೆ ಕೆಲವು ದಿನ ನಡೆದ ಮೇಲೆ ಅವರ ಮಗಳು, ಪಿಯುಸಿ ಓದಿದವಳು, "ಅಕ್ಕಾ, ಆ ಮಾತೆಲ್ಲ ನಾನೇ ಓದ್ಲಾ?" ಎಂದು ಕೇಳಿದಳು. ಓದಿಸಿ ನೋಡಿದೆ. ವಾಕ್ಯದ ಕೊನೆಯನ್ನು ನುಂಗುವ ಅಭ್ಯಾಸವೊಂದನ್ನು ತಿದ್ದಿಕೊಂಡರೆ ಅವಳ ದನಿ ಈ ಪುಸ್ತಕಕ್ಕೆ ನನ್ನ ದನಿಗಿಂತ ಹೆಚ್ಚು ಹೊಂದುತ್ತದೆ. ನಿರೂಪಣೆ ನನ್ನದು, ಸಂಭಾಷಣೆ ಅವಳದು ಎಂದು ಹಂಚಿಕೊಂಡಿದ್ದೇವೆ. ಕೊಯ್ಲು ಮುಗಿದು ಅಟ್ಟದ ಮೂಟೆಗಳು ಮಾರಾಟಕ್ಕೆ ಹೋಗುವ ಮುಂಚೆ ಮೊದಲ ಭಾಗವನ್ನಾದರೂ ಮುಗಿಸಬೇಕು, ಏಕೆಂದರೆ ಮೂಟೆಗಳು ಹೋದ ಮೇಲೆ ಆ ಮೂಲೆ ಮತ್ತೆ ಪ್ರತಿಧ್ವನಿಸತೊಡಗುತ್ತದೆ.